ಬೆಳಗಾದರೆ ಸೀನುವ ಮಕ್ಕಳು: ಋತು ಬದಲಾದಾಗಿನ ಅಲರ್ಜಿಗೆ ಮನೆಯಲ್ಲಿ ಮಾಡಬೇಕಾದ ಆರೈಕೆ

ನನ್ನ ಮಗಳಿಗೆ ಐದು ತುಂಬಿದ ವರ್ಷ, ದಸರಾ ರಜೆ ಮುಗಿಯುವ ಹೊತ್ತಿಗೆ ಇದು ಶುರುವಾಯಿತು. ಬೆಳಿಗ್ಗೆ ಎದ್ದು ಹಾಸಿಗೆಯ ಮೇಲೆ ಕೂತ ಕೂಡಲೇ ಸಾಲಾಗಿ ಹತ್ತು-ಹನ್ನೆರಡು ಸೀನು. ಆಮೇಲೆ ನೀರಿನಂತೆ ಸೋರುವ ಮೂಗು, ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುವುದು. ಹತ್ತು ಗಂಟೆಯ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಆಡುತ್ತಿದ್ದಳು. ನಾವು ನೆಗಡಿ ಅಂದುಕೊಂಡೆವು. ಎರಡು ತಿಂಗಳಲ್ಲಿ ಮೂರು ಸಲ ಆಂಟಿಬಯೋಟಿಕ್ ಸಿರಪ್ ಕುಡಿಸಿದೆವು. ಶೀತದ ಪದಾರ್ಥ ಅಂತ ಬಾಳೆಹಣ್ಣು, ಮೊಸರು ಬಿಡಿಸಿದೆವು. ಮನೆ ಬೆಚ್ಚಗಿರಲಿ ಅಂತ ಸಂಜೆ ಸಾಂಬ್ರಾಣಿ ಹೊಗೆ ಹಾಕಿದೆವು. ಇವುಗಳಲ್ಲಿ ಯಾವುದೂ ಮಗುವಿಗೆ ಒಳ್ಳೆಯದು ಮಾಡಲಿಲ್ಲ, ಕೊನೆಯದಂತೂ ಸೀನನ್ನು ಕೆಮ್ಮಿಗೆ ತಂದಿಟ್ಟಿತು.

ಕೊನೆಗೆ ಹಿರಿಯ ಮಕ್ಕಳ ವೈದ್ಯರೊಬ್ಬರು ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲೇ ಮೂರು ಪ್ರಶ್ನೆ ಕೇಳಿದರು. "ಮಗು ಯಾವುದರ ಮೇಲೆ ಮಲಗುತ್ತೆ? ಮನೇಲಿ ಏನೇನು ಹೊಗೆ ಹಾಕ್ತೀರಿ? ಪಕ್ಕದ ಸೈಟಲ್ಲಿ ಏನು ಬೆಳೆದಿದೆ?" ಊರಿಂದ ತಂದಿದ್ದ ಹಳೇ ಬೂರುಗದ ಹತ್ತಿಯ ದಿಂಬು, ದಿನಾ ರಾತ್ರಿ ಸೊಳ್ಳೆ ಬತ್ತಿ, ಖಾಲಿ ಸೈಟಿನಲ್ಲಿ ಎದೆಮಟ್ಟ ನಿಂತ ಕಾಂಗ್ರೆಸ್ ಗಿಡ. ಮೂರೂ ಉತ್ತರ ಹೇಳುವಾಗಲೇ ನನಗೆ ಅರ್ಥವಾಗಿತ್ತು.

ಸಹಜ ಚಿಕಿತ್ಸೆ ಅಂದರೆ ಮಗುವಿನ ಬಾಯಿಗೆ ಹಾಕುವ ಕಷಾಯ ಎಂದೇ ನಾವು ತಿಳಿದಿದ್ದೆವು. ಮಗುವಿನ ಮೂಗಿನ ಸುತ್ತ ಏನಿದೆ ಎಂಬುದನ್ನು ಬದಲಿಸುವುದೇ ಮೊದಲ ಮದ್ದು, ಕಷಾಯದ ಸರದಿ ಬಹಳ ಹಿಂದೆ ಬರುತ್ತದೆ. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಇದು ಒಂದಿಬ್ಬರ ಮನೆಯ ಕಥೆಯೂ ಅಲ್ಲ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳ ಲೆಕ್ಕವನ್ನು ಎರಡು ದಶಕ ಇಟ್ಟಿದ್ದರು. 1979ರಲ್ಲಿ ಶೇ. 9ರಷ್ಟು ಮಕ್ಕಳಲ್ಲಿದ್ದ ಉಬ್ಬಸ 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತ್ತು. ಮೂಗಿನ ಅಲರ್ಜಿ ಮತ್ತು ಉಬ್ಬಸ ಒಂದೇ ಕೊಳವೆಯ ಎರಡು ತುದಿಗಳು. ಮೇಲಿನದನ್ನು ಸರಿಯಾಗಿ ನೋಡಿಕೊಂಡರೆ ಕೆಳಗಿನದನ್ನು ಹತೋಟಿಯಲ್ಲಿಡಲೂ ನೆರವಾಗುತ್ತದೆ.

ಮೊದಲ ಹೆಜ್ಜೆ: ನೆಗಡಿಯೋ, ಅಲರ್ಜಿಯೋ?

ನೆಗಡಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಮೈ ಬಿಸಿಯಾಗಬಹುದು, ಗಂಟಲು ನೋಯಬಹುದು, ಸಿಂಬಳ ಎರಡು-ಮೂರು ದಿನಕ್ಕೆ ಗಟ್ಟಿಯಾಗುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಅಂಟಿರುತ್ತದೆ. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ. ಸಿಂಬಳ ನೀರಾಗಿಯೇ ಇರುತ್ತದೆ. ಮುಖ್ಯವಾಗಿ ತುರಿಕೆ ಇರುತ್ತದೆ: ಮೂಗು, ಕಣ್ಣು, ಕಿವಿಯ ಒಳಗೆ, ಅಂಗುಳು. ಮಗು ನಾಲಿಗೆಯನ್ನು ಅಂಗುಳಿಗೆ ಉಜ್ಜಿ 'ಕ್ಳಕ್ ಕ್ಳಕ್' ಎಂದು ಸದ್ದು ಮಾಡುತ್ತಿದ್ದರೆ ಬೈಯಬೇಡಿ, ಪಾಪ, ಅದು ಒಳಗಿನ ತುರಿಕೆ ತೀರಿಸಿಕೊಳ್ಳುವ ದಾರಿ.

ಮುಖ ನೋಡಿಯೂ ತಿಳಿಯಬಹುದು. ಕಣ್ಣಿನ ಕೆಳಗೆ ನಿದ್ದೆಗೆಟ್ಟವರ ಹಾಗೆ ಕಪ್ಪು, ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಮೂಡಿದ ಅಡ್ಡಗೆರೆ, ಬಾಯಿ ತೆರೆದು ಮಲಗುವುದು, ಗೊರಕೆ. ತಂದೆಗೋ ತಾಯಿಗೋ ಅಲರ್ಜಿ, ಉಬ್ಬಸ, ಚರ್ಮದ ಕಜ್ಜಿ (ಎಕ್ಸಿಮಾ) ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು.

ಒಂದೇ ಮೂಗಿನ ಹೊಳ್ಳೆ ಸೋರುತ್ತಿದ್ದು, ವಾಸನೆಯೂ ಬರುತ್ತಿದ್ದರೆ ಅದು ಅಲರ್ಜಿ ಅಲ್ಲ. ಕಡಲೆಕಾಳೋ ಮಣಿಯೋ ಒಳಗೆ ಸಿಕ್ಕಿರಬಹುದು. ಮನೆಯಲ್ಲಿ ಚಿಮುಟ ಹಾಕದೆ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ.

ಎರಡನೆಯದು: ಗೋಡೆ ಕ್ಯಾಲೆಂಡರಿನಲ್ಲಿ ಲೆಕ್ಕ

ಅಡುಗೆಮನೆಯ ಗೋಡೆಯಲ್ಲಿ ತಿಥಿ-ನಕ್ಷತ್ರದ ಕ್ಯಾಲೆಂಡರ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದರಲ್ಲೇ ದಿನಾ ಒಂದು ಗುರುತು ಹಾಕಿ: ಸೀನು ಬಂದದ್ದು ಬೆಳಿಗ್ಗೆಯೋ, ಶಾಲೆಯಿಂದ ಬಂದ ಮೇಲೋ, ರಾತ್ರಿಯೋ. ಅವತ್ತು ಮನೆಯಲ್ಲಿ ಧೂಳು ಹೊಡೆದಿರಾ, ಗಾಳಿ ಜೋರಿತ್ತಾ, ಮಳೆ ಬಂತಾ. ಒಂದೂವರೆ ತಿಂಗಳು ಹೀಗೆ ಬರೆದರೆ ಸಾಕು, ವೈದ್ಯರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಓದುವಾಗ ನಮ್ಮ ನಾಡಿನ ಋತುಗಳನ್ನು ಮನಸ್ಸಿನಲ್ಲಿಡಿ. ಪರದೇಶದ ಲೇಖನಗಳಲ್ಲಿ ವಸಂತವೇ ಅಲರ್ಜಿಯ ಕಾಲ. ನಮ್ಮಲ್ಲಿ ಹಾಗಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ರಾಗಿ, ಜೋಳದ ಒಕ್ಕಣೆಯ ಧೂಳು. ಮಾಘದಿಂದ ಯುಗಾದಿವರೆಗೆ ಮರಗಳ ಹೂವು, ಅದರಲ್ಲೂ ತಪಸಿ ಮರ. ಬಯಲುಸೀಮೆ ಮತ್ತು ಉತ್ತರ ಕರ್ನಾಟಕದಲ್ಲಿ ಬಳ್ಳಾರಿ ಜಾಲಿ. ಬೇಸಿಗೆಯ ಕೊನೆಗೆ ಗುಡುಗಿನ ಮಳೆ. ಮಳೆ ಬಂದರೆ ಗಾಳಿ ತೊಳೆದು ಹೋಗುತ್ತದೆ ಅನ್ನುವುದು ನಿಜ, ಆದರೆ ಭರಣಿ ಮಳೆಯಂಥ ಗುಡುಗು-ಗಾಳಿಯ ಮೊದಲ ಅರ್ಧ ಗಂಟೆಯಲ್ಲಿ ಪರಾಗದ ಕಣಗಳು ನೀರು ಹೀರಿ ಒಡೆದು ಸಣ್ಣ ಚೂರುಗಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಉಬ್ಬಸದ ಮಕ್ಕಳನ್ನು ಆ ಹೊತ್ತಿನಲ್ಲಿ ಒಳಗೆ ಕೂರಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಬೂಷ್ಟಿನ ಕಾಲ. ಮಳೆ ನಿಂತ ಮೇಲೆ ಹುಲ್ಲು ಮತ್ತು ಕಾಂಗ್ರೆಸ್ ಗಿಡದ ಹೂವು. ಆಮೇಲೆ ದೀಪಾವಳಿಯ ಪಟಾಕಿ, ಅದರ ಬೆನ್ನಿಗೆ ಹೊಗೆಯನ್ನು ನೆಲದ ಹತ್ತಿರವೇ ಹಿಡಿದಿಡುವ ಡಿಸೆಂಬರ್‌ನ ಮಂಜು.

ಯಾವ ತಿಂಗಳಲ್ಲೂ ಬಿಡುವಿಲ್ಲದೆ, ಮುಖ್ಯವಾಗಿ ಬೆಳಿಗ್ಗೆ ಹಾಸಿಗೆಯಲ್ಲೇ ಸೀನು ಬರುತ್ತಿದ್ದರೆ ಕಾರಣ ಬಹುಶಃ ಹೊರಗಿಲ್ಲ, ಹಾಸಿಗೆಯಲ್ಲೇ ಇದೆ.

ಹಾಸಿಗೆ: ಇಲ್ಲಿಂದಲೇ ಕೆಲಸ ಶುರು

ಒಂದೇ ಒಂದು ಕೆಲಸ ಮಾಡಲು ಮಾತ್ರ ಸಮಯ ಇದೆ ಎನ್ನುವವರು ಇದನ್ನೇ ಮಾಡಿ.

ಹಾಸಿಗೆ, ದಿಂಬು, ಕೌದಿಗಳಲ್ಲಿ ಧೂಳಿನ ನುಸಿ ಎಂಬ ಜೀವಿ ಬದುಕುತ್ತದೆ. ಉದ್ದ ಸುಮಾರು 0.3 ಮಿಲಿಮೀಟರ್, ಬರಿಗಣ್ಣಿಗೆ ಕಾಣುವುದಿಲ್ಲ. ಕಚ್ಚುವುದೂ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಆದ್ದರಿಂದ ಒಣಗಿಸುವುದೇ ಅದಕ್ಕೆ ಸಾವು. ನಮ್ಮ ಅಜ್ಜಿಯರು ವಾರಕ್ಕೊಮ್ಮೆ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಮಗುಚಿ, ಕೋಲಿನಿಂದ ಬಡಿಯುತ್ತಿದ್ದುದರ ಹಿಂದೆ ಇದ್ದ ಅರಿವು ಎಷ್ಟು ದೊಡ್ಡದು ಎಂದು ಈಗ ಅನಿಸುತ್ತದೆ.

ಹೀಗೆ ಮಾಡಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿಯ, ಅಂದರೆ ಕೈ ಇಟ್ಟರೆ ತಡೆಯಲಾಗದಷ್ಟು ಬಿಸಿಯ ನೀರಿನಲ್ಲಿ ನೆನೆಸಿ ತೊಳೆಯಿರಿ. ತಣ್ಣೀರಿನಲ್ಲಿ ಒಗೆದರೆ ಕೊಳೆ ಹೋಗುತ್ತದೆ, ನುಸಿ ಸಾಯುವುದಿಲ್ಲ. ಆ ಬಕೆಟ್ ಮಕ್ಕಳ ಕೈಗೆ ಎಟುಕದ ಕಡೆ ಇರಲಿ. ಹತ್ತಿ ಹಾಸಿಗೆ, ದಿಂಬುಗಳನ್ನು ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಬಿಡದೆ ಮೂರ್ನಾಲ್ಕು ಗಂಟೆ ಖಡಕ್ ಬಿಸಿಲಿನಲ್ಲಿ ಎರಡೂ ಮಗ್ಗುಲು ಒಣಗಿಸಿ, ಹೊರಗೇ ಬಡಿದು ತನ್ನಿ. ಬಡಿಯುವುದನ್ನು ಬಿಟ್ಟರೆ ಸತ್ತ ನುಸಿ ಮತ್ತು ಹಿಕ್ಕೆ ಒಳಗೇ ಉಳಿಯುತ್ತದೆ. ಬಡಿಯುವಾಗ ಮಗು ಹತ್ತಿರ ಇರಬಾರದು.

ಹತ್ತಿಪ್ಪತ್ತು ವರ್ಷದ ಬೂರುಗದ ದಿಂಬು, ಅಜ್ಜಿಯ ಸೀರೆಯ ಕೌದಿ, ಕಂಬಳಿ, ಇವುಗಳ ಮೇಲಿನ ಪ್ರೀತಿ ನನಗೂ ಗೊತ್ತು. ಅಲರ್ಜಿ ಇರುವ ಮಗುವಿನ ತಲೆಯಡಿ ಮಾತ್ರ ಅವು ಬೇಡ. ತೊಳೆಯಬಹುದಾದ ದಿಂಬು ಕೊಡಿ. ಹಾಸಿಗೆಗೆ ನೇಯ್ಗೆ ಬಿಗಿಯಾದ, ಜಿಪ್ ಇರುವ ಹೊರಚೀಲ ಹಾಕಿಸಿ. ಕೌದಿ ಬೇಕೇ ಬೇಕೆಂದರೆ ಅದಕ್ಕೊಂದು ತೊಳೆಯುವ ಹತ್ತಿಯ ಗವಸು ಹೊಲಿಸಿ. ಮೆತ್ತನೆಯ ಗೊಂಬೆಗಳಲ್ಲಿ ಒಂದನ್ನು ಮಾತ್ರ ಮಗುವಿಗೆ ಬಿಟ್ಟು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಒಂದು ದಿನ ಇಟ್ಟು ಆಮೇಲೆ ಒಗೆಯಿರಿ. ನನ್ನ ಮಗಳು ತನ್ನ ಆನೆಗೆ ಚಳಿಯಾಗುತ್ತದೆಂದು ಅತ್ತಳು. ಅವಳು ಶಾಲೆಗೆ ಹೋದಾಗ ಇಟ್ಟು, ಮರುದಿನ ಶಾಲೆಯಿಂದ ಬರುವ ಮೊದಲು ತೆಗೆದೆ.

ಹಾಸಿಗೆ ಕೊಡವಿದಾಗ ಎದ್ದ ಕಣಗಳು ಮತ್ತೆ ಕೆಳಗಿಳಿಯಲು ಅರ್ಧ ಗಂಟೆ ಹಿಡಿಯುತ್ತದೆ. ಮಗು ಎದ್ದು ಹೊರಗೆ ಹೋದ ಮೇಲೆ ಹಾಸಿಗೆ ಮಡಚಿ. ಪೊರಕೆಯಿಂದ ಜೋರಾಗಿ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಹಬ್ಬಕ್ಕೆ ಅಟ್ಟ ಇಳಿಸಿ, ಜೇಡರ ಬಲೆ ತೆಗೆಯುವ ದಿನ ಮಗುವನ್ನು ಪಕ್ಕದ ಮನೆಗೋ ಅಜ್ಜಿಯ ಮನೆಗೋ ಕಳಿಸಿಬಿಡಿ. ನಮ್ಮ ಕ್ಯಾಲೆಂಡರಿನಲ್ಲಿ ಅತಿ ಕೆಟ್ಟ ರಾತ್ರಿಗಳು ಆಯುಧಪೂಜೆಯ ಹಿಂದಿನ ಎರಡು ದಿನಗಳಾಗಿದ್ದವು. ಬೇಸಿಗೆಯ ಮೊದಲ ದಿನ ಫ್ಯಾನ್ ಹಾಕುವ ಮುನ್ನ ರೆಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದನ್ನೂ ಮರೆಯಬೇಡಿ.

ಗೋಡೆಯಲ್ಲಿ ಬೂಷ್ಟಿದ್ದರೆ ಮೇಲೆ ಬಣ್ಣ ಬಳಿದು ಪ್ರಯೋಜನವಿಲ್ಲ. ನೀರು ಎಲ್ಲಿಂದ ಸೋರುತ್ತಿದೆ ಎಂಬುದನ್ನು ಮೊದಲು ಸರಿಮಾಡಿಸಿ, ಸೋಪಿನ ನೀರಿನಿಂದ ಉಜ್ಜಿ, ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಮಗು ಮಲಗುವ ಕೋಣೆಯೊಳಗೆ ಒದ್ದೆ ಬಟ್ಟೆ ಒಣಹಾಕಬೇಡಿ. ಜಿರಳೆಯೂ ಅಲರ್ಜಿ ತರುತ್ತದೆ. ರಾತ್ರಿ ಎಂಜಲು ಪಾತ್ರೆ, ತೆರೆದ ಕಸದ ಬುಟ್ಟಿ ಉಳಿಸದಿರುವುದೇ ಅದಕ್ಕೆ ಒಳ್ಳೆಯ ಉಪಾಯ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದರೆ ಬಲೆ ಕಟ್ಟಿಸಿ. ಒಣಗಿದ ಹಿಕ್ಕೆಯನ್ನು ಗುಡಿಸದೆ, ನೀರು ಹಾಕಿ ನೆನೆಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ತೆಗೆಯಿರಿ.

ಹೊಗೆ: ಇದರಲ್ಲಿ ರಾಜಿ ಬೇಡ

ಈ ವಿಷಯದಲ್ಲಿ ನನ್ನ ಅತ್ತೆಯವರಿಗೂ ನನಗೂ ಸ್ವಲ್ಪ ದಿನ ಮಾತುಕತೆಯೇ ನಡೆಯಿತು. "ಬಾಣಂತಿ ಕೋಣೆಯಿಂದ ಹಿಡಿದು ಸಾಂಬ್ರಾಣಿ ಹಾಕೇ ಮಕ್ಕಳನ್ನ ಬೆಳೆಸಿದ್ದೀವಮ್ಮ" ಅನ್ನುತ್ತಿದ್ದರು. ಅವರು ಹೇಳುವುದರಲ್ಲಿ ಪ್ರೀತಿ ಇತ್ತು, ಸುಳ್ಳಿರಲಿಲ್ಲ. ಆದರೆ ಆಗಿನ ಹೆಂಚಿನ ಮನೆಯಲ್ಲಿ ಹೊಗೆ ಹೋಗಲು ಬೆಳಕಿಂಡಿ ಇತ್ತು. ಈಗಿನ ಹತ್ತಡಿ ಕೋಣೆಯಲ್ಲಿ ಕಿಟಕಿಯೂ ಮುಚ್ಚಿರುತ್ತದೆ. ಎಲೆಯಿಂದ ಬರಲಿ, ಗೋಂದಿನಿಂದ ಬರಲಿ, ಹೊಗೆಯ ಕಣ ಹೊಗೆಯ ಕಣವೇ. 'ಹರ್ಬಲ್' ಎಂದು ಬರೆದ ಧೂಪವೂ ಉರಿದಾಗ ಅದನ್ನೇ ಬಿಡುತ್ತದೆ.

ಸೊಳ್ಳೆ ಬತ್ತಿಯ ಮಾತು ಇನ್ನೂ ಗಂಭೀರ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಸುರುಳಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳಿಂದ ಬರುವಷ್ಟು. ಅದನ್ನು ರಾತ್ರಿಯಿಡೀ ಮಗುವಿನ ಮಂಚದಡಿ ಇಡುತ್ತಿದ್ದೆವಲ್ಲ! ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿ. ಪರದೆಯನ್ನೂ ತಿಂಗಳಿಗೆರಡು ಬಾರಿ ಒಗೆಯಿರಿ. ಸಂಜೆ ಐದೂವರೆಗೇ ಕಿಟಕಿ ಮುಚ್ಚಿ, ಸೊಳ್ಳೆ ಕೂತ ಮೇಲೆ ತೆರೆದರೂ ಪರದೆಯೊಳಗೆ ನಿಶ್ಚಿಂತೆ.

ಬೀಡಿ, ಸಿಗರೇಟು ಸೇದುವವರು ಬಾಲ್ಕನಿಯಲ್ಲಿ ಸೇದಿ ಬಂದರೂ ಅಂಗಿ, ಕೂದಲಿನ ಮೂಲಕ ಅದು ಒಳಗೆ ಬರುತ್ತದೆ. ಬಿಡುವುದೇ ದಾರಿ. ದೇವರ ಮುಂದೆ ಊದುಬತ್ತಿ ಬೇಕೆನಿಸಿದರೆ ಎಣ್ಣೆದೀಪ, ಹೂವು ಸಾಕು ಎಂದು ನಾವು ಮನಸ್ಸು ಮಾಡಿಕೊಂಡೆವು. ಹಬ್ಬದ ದಿನ ಒಂದು ಕಡ್ಡಿ, ಅದೂ ಮಗು ಇಲ್ಲದ ಕೋಣೆಯಲ್ಲಿ. ಕೊನೆಗೆ ಒಪ್ಪಿದವರು, ಒಪ್ಪಿದ ಮೇಲೆ ಬೇರೆಯವರಿಗೂ ಹೇಳತೊಡಗಿದವರು ಅತ್ತೆಯವರೇ.

ಹೊರಗಿನ ಪರಾಗ

ಕಣ್ಣಿಗೆ ಚಂದ ಕಾಣುವ ಹೂವಿನ ಮೇಲೆ ಅನುಮಾನ ಪಡುವುದು ಸಹಜ. ಬೆಂಗಳೂರಿನ ಬೀದಿಗಳಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳಿದಾಗಲೆಲ್ಲ "ಅದರಿಂದಲೇ ಸೀನು" ಅನ್ನುತ್ತಾರೆ. ಆದರೆ ದೊಡ್ಡ, ಬಣ್ಣದ ಹೂವು ದುಂಬಿಯನ್ನು ಕರೆಯಲು ಅರಳುತ್ತದೆ. ಅದರ ಪರಾಗ ಅಂಟಂಟು, ಭಾರ, ಗಾಳಿಯಲ್ಲಿ ದೂರ ಹೋಗದು. ತೊಂದರೆ ಕೊಡುವುದು ಗಾಳಿಯನ್ನೇ ನೆಚ್ಚಿದ, ಹೂವೆಂದೇ ನಮ್ಮ ಕಣ್ಣಿಗೆ ಬೀಳದ ಹುಲ್ಲು, ಹರಳು, ದಂಟಿನ ಜಾತಿಯ ಕಳೆಗಳು, ಗಾಳಿ ಮರ.

ಮತ್ತು ಕಾಂಗ್ರೆಸ್ ಗಿಡ. ಪಾರ್ಥೇನಿಯಂ ಎಂಬ ಈ ಕಳೆ ಅಮೆರಿಕ ಖಂಡದಿಂದ ಬಂದದ್ದು. 1980ರ ದಶಕದಲ್ಲಿ ಅದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಆಯಿತು. ಮಳೆಗಾಲದಲ್ಲಿ ಎಲೆ ಜರಡಿಯಾದ ಗಿಡಗಳನ್ನು ನೀವು ನೋಡಿರುತ್ತೀರಿ, ಅದು ಈ ಜೀರುಂಡೆಯ ಕೆಲಸ. ಆದರೂ ಗಿಡ ಹೋಗಿಲ್ಲ. ಮೊಳಕೆ ಬಂದು ತಿಂಗಳು-ಒಂದೂವರೆ ತಿಂಗಳಲ್ಲೇ ಹೂ ಬಿಡುತ್ತದೆ, ಒಂದೊಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ. ಆದ್ದರಿಂದ ಹೂ ಬಿಡುವ ಮೊದಲು, ನೆಲ ಒದ್ದೆಯಿರುವಾಗ ಬೇರುಸಹಿತ ಕೀಳಬೇಕು. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಕಡ್ಡಾಯ, ಬರಿಗೈಯಲ್ಲಿ ಮುಟ್ಟಿದರೆ ಚರ್ಮಕ್ಕೂ ಅಲರ್ಜಿ ಬರುತ್ತದೆ. ಶಾಲೆಯ ಶ್ರಮದಾನದಲ್ಲಿ ಮಕ್ಕಳಿಂದ ಕೀಳಿಸಬೇಡಿ. ಕಿತ್ತದ್ದನ್ನು ಸುಡಬೇಡಿ. ನಮ್ಮ ಬೀದಿಯ ಏಳೆಂಟು ಮನೆಯವರು ಸೇರಿ ಆಗಸ್ಟ್‌ನಲ್ಲಿ ಎರಡು ಭಾನುವಾರ ಬೆಳಿಗ್ಗೆ ಆ ಸೈಟು ಬೋಳು ಮಾಡಿದೆವು. ಒಂದು ಸೈಟಿನಿಂದ ಊರಿನ ಗಾಳಿ ಬದಲಾಗದು, ನಿಜ. ಆದರೂ ಮಗುವಿನ ಕಿಟಕಿಯ ಕೆಳಗೇ ಇದ್ದದ್ದು ಹೋಯಿತು.

ಉಳಿದದ್ದು ದಿನಚರಿಯ ಮಾತು. ಹೊರಗೆ ಆಡಿ ಬಂದ ಕೂಡಲೇ ಕೈಕಾಲು, ಮುಖ ತೊಳೆದು ಬಟ್ಟೆ ಬದಲಿಸಿ. ಪರಾಗದ ತಿಂಗಳುಗಳಲ್ಲಿ ಸ್ನಾನವನ್ನು ಸಂಜೆಗೆ ಬದಲಿಸಿದರೆ ಕೂದಲಿನಲ್ಲಿ ಸಿಕ್ಕಿದ್ದು ದಿಂಬಿಗೆ ಬರುವುದಿಲ್ಲ. ಹಾಸಿಗೆ ಬಿಸಿಲಿಗೆ ಹಾಕಿ ಎಂದೆ, ಹೂವಿನ ಕಾಲದಲ್ಲಿ ಅದನ್ನು ಸಂಜೆಗಾಳಿಗೆ ಮೊದಲೇ ಒಳಗೆ ತನ್ನಿ. ಕಣ್ಣು ತುರಿಸಿದರೆ ಉಜ್ಜುವ ಬದಲು ಒದ್ದೆ ತಣ್ಣನೆ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದು ನಿಮಿಷ ಇಡಿ. ಆಟ ಮಾತ್ರ ನಿಲ್ಲಿಸಬೇಡಿ. ಬಯಲಿನಲ್ಲಿ ಓಡಬೇಕಾದ ಮಗುವನ್ನು ಟಿವಿ ಮುಂದೆ ಕೂರಿಸಿದರೆ ನುಸಿಯ ನಡುವೆ ಕೂರಿಸಿದ ಹಾಗೆ.

ಉಪ್ಪುನೀರಿನಿಂದ ಮೂಗು ತೊಳೆಯುವುದು

ಮನೆಮದ್ದುಗಳಲ್ಲಿ ನನಗೆ ಅತ್ಯಂತ ನಂಬಿಕೆ ಇರುವುದು ಇದೊಂದರ ಮೇಲೆ. ಯೋಗದ ಜಲನೇತಿಯೇ ಇದು. ಮೂಗಿನೊಳಗೆ ಅಂಟಿದ ಪರಾಗ, ಧೂಳು, ಸಿಂಬಳ ತೊಳೆದು ಹೋಗುತ್ತದೆ. ವೈದ್ಯರೂ ಒಪ್ಪುವ ವಿಧಾನ.

ನೀರನ್ನು ಚೆನ್ನಾಗಿ ಕುದಿ ಬಂದ ಮೇಲೆ ಮೂರ್ನಾಲ್ಕು ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗಲು ಬಿಡಿ. ಫಿಲ್ಟರ್ ನೀರಾದರೂ ಕುದಿಸಲೇಬೇಕು. ಕುಡಿದರೆ ಏನೂ ಮಾಡದ ಕೆಲವು ಅಮೀಬಾಗಳು ಮೂಗಿನ ಮೂಲಕ ಹೋದರೆ ಮೆದುಳಿಗೆ ಏರುತ್ತವೆ. 2024ರಲ್ಲಿ ಪಕ್ಕದ ಕೇರಳದಲ್ಲಿ ಕೆರೆ-ಹೊಳೆಯ ನೀರಿಗಿಳಿದ ಮಕ್ಕಳು ಹೀಗೆ ತೀರಿಕೊಂಡದ್ದು ನೆನಪಿರಬಹುದು. ಭಯ ಬೇಡ, ಕುದಿಸಿದರೆ ಅದು ಸಾಯುತ್ತದೆ.

ಅಯೋಡಿನ್ ಸೇರಿಸದ ಉಪ್ಪು ಮೂರು ಪಾಲು, ಅಡುಗೆ ಸೋಡಾ ಒಂದು ಪಾಲು ಬೆರೆಸಿ ಒಣ ಡಬ್ಬಿಯಲ್ಲಿಡಿ. 250 ಮಿಲಿಲೀಟರ್ ನೀರಿಗೆ ಈ ಪುಡಿ ಅರ್ಧ ಟೀ ಚಮಚ. ಕಣ್ಣೀರಿನಷ್ಟೇ ಉಪ್ಪಾಗುತ್ತದೆ. ಬರಿ ನೀರು ಹಾಕಿದರೆ ಉರಿಯುತ್ತದೆ, ಉಪ್ಪು ಹೆಚ್ಚಾದರೂ ಉರಿಯುತ್ತದೆ.

ಐದಾರು ವರ್ಷ ದಾಟಿದ, ಹೇಳಿದ್ದು ಕೇಳುವ ಮಗುವಿಗೆ ಮಾತ್ರ ಪೂರ್ತಿ ತೊಳೆಯುವ ವಿಧಾನ. ಬಚ್ಚಲ ಸಿಂಕಿನ ಮೇಲೆ ಬಗ್ಗಿ, ತಲೆ ಒಂದು ಕಡೆ ವಾಲಿಸಿ, ಬಾಯಿ ತೆರೆದು 'ಆ...' ಎನ್ನುತ್ತಾ ಬಾಯಲ್ಲಿ ಉಸಿರಾಡಲಿ. ಮೇಲಿನ ಹೊಳ್ಳೆಗೆ ಮೆಲ್ಲಗೆ ನೀರು ಬಿಡಿ, ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಒತ್ತಡ ಹಾಕಬೇಡಿ. ಆಮೇಲೆ ಒಂದೊಂದೇ ಹೊಳ್ಳೆಯಿಂದ ನಿಧಾನ ಸೀಟಲಿ. ಎರಡನ್ನೂ ಮುಚ್ಚಿ ಜೋರಾಗಿ ಸೀಟಿದರೆ ನೀರು ಕಿವಿಗೆ ಹೋಗುತ್ತದೆ. ಕಿವಿನೋವು ಇದ್ದ ದಿನ, ಮೂಗು ಪೂರ್ತಿ ಕಟ್ಟಿದ ದಿನ ಬೇಡ. ಸಂಜೆ ಆಟ ಮುಗಿಸಿ ಬಂದ ಮೇಲೆ ಮಾಡುವುದು ಒಳ್ಳೆಯದು, ಮಲಗುವ ಹೊತ್ತಿಗೆ ತೀರ ಹತ್ತಿರ ಬೇಡ. ನೀರು ಅವತ್ತಿನದು ಅವತ್ತಿಗೆ. ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿ.

ಸಣ್ಣ ಮಕ್ಕಳಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಬರೀ ಸಲೈನ್ ಹನಿ ಸಾಕು, ಹೊಳ್ಳೆಗೆ ಎರಡು-ಮೂರು ಹನಿ. ಅಳುವ ಮಗುವನ್ನು ಹಿಡಿದು ಬಲವಂತ ಮಾಡುವ ಚಿಕಿತ್ಸೆ ಇದಲ್ಲ. ನನ್ನ ಮಗಳು ಒಪ್ಪಲು ಎರಡು ವಾರ ಬೇಕಾಯಿತು. ನಾನೇ ಮೊದಲು ಅವಳೆದುರು ದಿನಾ ಮಾಡಿಕೊಂಡೆ.

ಅಡುಗೆಮನೆಯ ಮದ್ದು: ಯಾವುದು ಸರಿ, ಯಾವುದು ಅಪಾಯ

ಶುಂಠಿ, ತುಳಸಿ, ಕಾಳುಮೆಣಸು, ಬೆಲ್ಲದ ತೆಳು ಕಷಾಯ, ರಾತ್ರಿ ಅರಿಶಿನದ ಹಾಲು, ದೊಡ್ಡಪತ್ರೆ ತಂಬುಳಿ, ಬಿಸಿಬಿಸಿ ಮೆಣಸಿನ ಸಾರು. ಗಂಟಲಿಗೆ ಹಿತ, ಕಫ ಸಡಿಲ, ಮಗುವಿಗೆ ಸಮಾಧಾನ. ಅಷ್ಟು ಸಾಕಲ್ಲ? ಎರಡು ವರ್ಷ ದಾಟಿದ ಮಕ್ಕಳಿಗೆ ಸ್ವಲ್ಪ ಸ್ವಲ್ಪ ಕೊಡಿ. ಅಲರ್ಜಿಯನ್ನೇ ಬೇರುಸಹಿತ ಕೀಳುತ್ತವೆ ಎಂದು ಮಾತ್ರ ಯಾರಾದರೂ ಹೇಳಿದರೆ ನಂಬಬೇಡಿ, ಅವು ಆ ಕೆಲಸ ಮಾಡುವುದಿಲ್ಲ.

ಜೇನುತುಪ್ಪ ರಾತ್ರಿಯ ಕೆಮ್ಮಿಗೆ ನಿಜವಾಗಿ ಉಪಕಾರಿ. ಒಂದರಿಂದ ಐದು ವರ್ಷದ ಮಗುವಿಗೆ ಮಲಗುವ ಮುನ್ನ ಅರ್ಧ ಟೀ ಚಮಚ. ಒಂದು ವರ್ಷದೊಳಗಿನ ಕೂಸಿಗೆ ಒಂದು ಹನಿಯೂ ಬೇಡ, ನಾಲಿಗೆಗೆ ಸವರುವ ಶಾಸ್ತ್ರಕ್ಕೂ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆಗರುಳಿನಲ್ಲಿ ಮೊಳೆತು ವಿಷ ಬಿಟ್ಟು ಸ್ನಾಯುಗಳನ್ನೇ ಸೋಲಿಸುತ್ತದೆ. ಇನ್ನು, ಊರಿನ ಜೇನು ತಿಂದರೆ ಊರಿನ ಪರಾಗಕ್ಕೆ ಮೈ ಒಗ್ಗುತ್ತದೆ ಎಂಬ ಮಾತು ಕೇಳಲು ಚಂದ. ಆದರೆ ಜೇನ್ನೊಣ ತರುವುದು ಹೂವಿನ ಭಾರದ ಪರಾಗ, ಮಗುವನ್ನು ಕಾಡುವುದು ಗಾಳಿಯ ಹುಲ್ಲಿನ ಪರಾಗ.

ಹಬೆ ಹಿಡಿಯುವುದು ಮಕ್ಕಳಿಗೆ ಬೇಡವೇ ಬೇಡ. ಕುದಿವ ನೀರಿನ ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡ ಮಕ್ಕಳ ಸಂಕಟ ಒಮ್ಮೆ ನೋಡಿದವರು ಮತ್ತೆ ಆ ಮಾತೆತ್ತುವುದಿಲ್ಲ. ಬಿಸಿ ಸಾರು ಕುಡಿಸಿದರೆ ಅದೇ ಹಬೆ ಮೂಗಿಗೂ ಸಿಗುತ್ತದೆ.

ಕರ್ಪೂರವನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಎದೆಗೆ ಹಚ್ಚುವ ರೂಢಿ ನಮ್ಮಲ್ಲಿ ಬಹಳ. ಎರಡು ವರ್ಷದೊಳಗಿನವರಿಗೆ ಅದೂ ಬೇಡ, ಕರ್ಪೂರವಿರುವ ಮುಲಾಮೂ ಬೇಡ. ದೊಡ್ಡವರ ಮೂಗಿನ ಒಳಗೂ ಹಚ್ಚಬಾರದು. ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು. ದೇವರ ಕೋಣೆಯ ಕರ್ಪೂರದ ಡಬ್ಬಿ ಮೇಲಿನ ಶೆಲ್ಫಿಗೆ ಹೋಗಲಿ.

ಕೂಸಿನ ಮೂಗಿಗೆ ಎಣ್ಣೆ, ತುಪ್ಪ ಬಿಡುವುದನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದು ಶ್ವಾಸಕೋಶಕ್ಕೆ ಇಳಿದರೆ ಸುಲಭಕ್ಕೆ ವಾಸಿಯಾಗದ ನ್ಯುಮೋನಿಯಾ ಆಗುತ್ತದೆ. ಹೆಸರು, ಪದಾರ್ಥಗಳ ಪಟ್ಟಿ ಇಲ್ಲದ ಪೊಟ್ಟಣದ ಪುಡಿ 'ಎರಡೇ ದಿನದಲ್ಲಿ ದಮ್ಮು ನಿಲ್ಲಿಸಿತು' ಎಂದರೆ ಅದರೊಳಗೆ ಸ್ಟೀರಾಯ್ಡ್ ಬೆರೆತಿದೆಯೇ ಎಂದು ಅನುಮಾನಿಸಬೇಕು. ಆಯುರ್ವೇದದ ಔಷಧಿ ಕೊಡಿಸುವುದಿದ್ದರೆ ಓದಿದ, ನೋಂದಾಯಿತ ವೈದ್ಯರಿಂದಲೇ ಕೊಡಿಸಿ, ಮಕ್ಕಳ ವೈದ್ಯರಿಗೂ ತಿಳಿಸಿ.

ಊಟ ಬಿಡಿಸುವ ಮೊದಲು ಯೋಚಿಸಿ

ಬಾಳೆಹಣ್ಣು, ಸೀಬೆ, ಕಿತ್ತಳೆ, ಮೊಸರು, ಸೌತೆಕಾಯಿ. ಶೀತವೆಂದು ಇವೆಲ್ಲವನ್ನೂ ಬಿಡಿಸಿದರೆ ಮಗುವಿಗೆ ಉಳಿಯುವುದು ಬಿಸ್ಕತ್ತು. ಹಣ್ಣಿನಿಂದ ಪರಾಗದ ಅಲರ್ಜಿ ಹೆಚ್ಚುವುದಿಲ್ಲ. ಒಂದು ನಿರ್ದಿಷ್ಟ ಪದಾರ್ಥ ತಿಂದಾಗಲೆಲ್ಲ ಬಾಯಿ ತುರಿಕೆ, ಮೈಮೇಲೆ ದದ್ದು, ವಾಂತಿ ಆದರೆ ಅದೊಂದನ್ನು ನಿಲ್ಲಿಸಿ ವೈದ್ಯರಿಗೆ ಹೇಳಿ. ನಾವು ಮತ್ತೆ ಮೊಸರನ್ನ ಕೊಡಲು ಶುರು ಮಾಡಿದ ದಿನ ಮಗಳು ಎರಡು ತಟ್ಟೆ ತಿಂದಳು. ಸೀನು ಒಂದೂ ಹೆಚ್ಚಾಗಲಿಲ್ಲ.

ಮನೆಯಲ್ಲಿ ಇನ್ನೊಂದು ಕೂಸು ಬರುವುದಿದ್ದರೆ ಆರು ತಿಂಗಳು ಎದೆಹಾಲು ಮಾತ್ರ, ಗರ್ಭಿಣಿಯಿದ್ದಾಗಿನಿಂದಲೇ ಹೊಗೆಯಿಂದ ದೂರ. ಆರು ತಿಂಗಳ ಮೇಲೆ ಬೇರೆ ಊಟದ ಜೊತೆ ಬೆಂದ ಮೊಟ್ಟೆ, ನುಣ್ಣಗೆ ಅರೆದ ಕಡಲೆಕಾಯಿಯನ್ನೂ ಕೊಡಲು ಹೆದರಬೇಕಿಲ್ಲ. ತಡಮಾಡುವುದರಿಂದ ಲಾಭವಿಲ್ಲ. ಚರ್ಮದ ಕಜ್ಜಿ ಜೋರಾಗಿರುವ ಕೂಸಾದರೆ ವೈದ್ಯರನ್ನು ಕೇಳಿ ಕೊಡಿ. ಇಡೀ ಕಡಲೆಕಾಯಿ ಬೀಜ ಮಾತ್ರ ಗಂಟಲಿಗೆ ಸಿಕ್ಕುತ್ತದೆ, ಐದು ವರ್ಷದವರೆಗೆ ಬೇಡ.

ಇಷ್ಟು ಸಾಲದಾದಾಗ

ನಾಲ್ಕು ವಾರ ಇದೆಲ್ಲ ಮಾಡಿದ ಮೇಲೂ ಮಗು ರಾತ್ರಿ ನಿದ್ದೆಗೆಡುತ್ತಿದ್ದರೆ, ಪಾಠದಲ್ಲಿ ಮಂಕಾದರೆ, ಕೆಮ್ಮು ಎದೆಗಿಳಿದರೆ ಔಷಧಿ ಬೇಕು. ಔಷಧಿ ಕೊಟ್ಟರೆ ಸಹಜ ದಾರಿಯಲ್ಲಿ ಸೋತ ಹಾಗೆ ಅಲ್ಲ. ವೈದ್ಯರು ಬರೆಯುವ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಈ ಕಾಯಿಲೆಗೆ ಇರುವ ಔಷಧಿಗಳಲ್ಲೇ ಹೆಚ್ಚು ಕೆಲಸ ಮಾಡುವಂಥದ್ದು. ಪ್ರಮಾಣ ಬಹಳ ಸಣ್ಣದು, ಕೆಲಸ ಮೂಗಿನಲ್ಲೇ. ಒಂದೆರಡು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬೇಡಿ, ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಹಿಡಿಯಬಹುದು. ಕಟ್ಟಿದ ಮೂಗನ್ನು ನಿಮಿಷದಲ್ಲಿ ಬಿಡಿಸುವ ಹನಿಗಳನ್ನು ಮಾತ್ರ ವೈದ್ಯರು ಹೇಳದೆ ಹಾಕಬೇಡಿ, ನಾಲ್ಕೈದು ದಿನ ಮೀರಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ.

ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಸಿರಪ್ಪಿನ ವಿಷಯದಲ್ಲೂ ಎಚ್ಚರ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ಬರೆಯಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. ಬಾಟಲಿಯ ಸಣ್ಣ ಅಕ್ಷರ ಓದಿ.

ಇನ್‌ಹೇಲರ್ ಹೆಸರು ಕೇಳಿದರೆ "ಅಭ್ಯಾಸವಾಗುತ್ತೆ" ಎಂದು ನೆಂಟರು ಹೆದರಿಸುತ್ತಾರೆ. ಅದು ಚಟ ಹಿಡಿಸುವ ವಸ್ತುವಲ್ಲ. ಸಿರಪ್ಪಿನಲ್ಲಿ ಮೈಯೆಲ್ಲ ಸುತ್ತುವ ಔಷಧಿ ಇಲ್ಲಿ ಮೈಕ್ರೋಗ್ರಾಂ ಲೆಕ್ಕದ ಸಣ್ಣ ಪ್ರಮಾಣದಲ್ಲಿ ನೇರ ಶ್ವಾಸಕೋಶ ತಲುಪುತ್ತದೆ. ಮಕ್ಕಳಿಗೆ ಸ್ಪೇಸರ್ (ಇನ್‌ಹೇಲರಿನ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿಯೇ ಕೊಡಬೇಕು.

ಈ ಲಕ್ಷಣಗಳಿದ್ದರೆ ಕಷಾಯ ಕಾಯಿಸುತ್ತಾ ಕೂರಬೇಡಿ: ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುವುದು, ಕತ್ತಿನ ಕುಳಿ ಗುಳಿಬೀಳುವುದು, ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು, ಕೂಸು ಹಾಲು ಕುಡಿಯಲಾಗದೆ ಬಿಡುವುದು, ತುಟಿ ನೀಲಿಯಾಗುವುದು. ತಿಂಡಿ, ಔಷಧಿ ಅಥವಾ ಜೇನ್ನೊಣದ ಕಡಿತದ ನಂತರ ಮೈತುಂಬ ದದ್ದು ಎದ್ದು ಜೊತೆಗೆ ವಾಂತಿಯೋ ಉಸಿರಿನ ತೊಂದರೆಯೋ ಬಂದರೂ ಹಾಗೆಯೇ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ.

ಶಾಲೆಗೆ ಒಂದು ಚೀಟಿ

ದಿನದ ಆರೇಳು ಗಂಟೆ ಮಗು ನಿಮ್ಮ ಕಣ್ಣಳತೆಯಲ್ಲಿ ಇರುವುದಿಲ್ಲ. ಜೂನ್‌ನಲ್ಲೇ ಕ್ಲಾಸ್ ಟೀಚರಿಗೆ ಒಂದು ಪುಟದ ಚೀಟಿ ಬರೆದು ಕೊಡಿ: ಮಗುವಿಗೆ ಏನಾಗುತ್ತದೆ, ಸೀನು ಬಂದರೆ ಅಂಟುರೋಗವಲ್ಲ, ಕಪ್ಪುಹಲಗೆಯ ಎದುರಿನ ಮೊದಲ ಬೆಂಚು ಬೇಡ, ಹಲಗೆ ಒರೆಸುವ ಕೆಲಸ ಬೇಡ, ಇನ್‌ಹೇಲರ್ ಬ್ಯಾಗಿನ ಯಾವ ಜೇಬಿನಲ್ಲಿದೆ, ಉಬ್ಬಸ ಬಂದರೆ ಮೊದಲು ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು. ಎರಡು ತೊಳೆದ ಹತ್ತಿ ಕರವಸ್ತ್ರ ಇಟ್ಟು ಕಳಿಸಿ, ಒಂದು ಮೂಗಿಗೆ, ಇನ್ನೊಂದು ಕಣ್ಣಿಗೆ. ನನ್ನ ಮಗಳು ಈಗ ನಾಲ್ಕನೇ ಕ್ಲಾಸು. ಮೂಗಿನ ಕರವಸ್ತ್ರ ನೀಲಿ, ಕಣ್ಣಿನದು ಹಳದಿ ಎಂದು ಅವಳೇ ನಿಗದಿ ಮಾಡಿಕೊಂಡಿದ್ದಾಳೆ.